ಅರಸು ಲೆಕ್ಕ, ಬಸವಲಿಂಗಪ್ಪನವರ ಬಾಕಿ

ದೇವರಾಜ ಅರಸರನ್ನು ಹೊಗಳೋದು ಈಗ ಎಲ್ಲ ಪಕ್ಷದವರಿಗೂ ಸಲೀಸು. ಬಿ. ಬಸವಲಿಂಗಪ್ಪನವರ ಹೆಸರೆತ್ತಿದರೆ ಮಾತ್ರ 'ಓ, ಆ ಬೂಸಾ ಮಂತ್ರಿ' ಅಂತ ಮಾತು ಮುಗಿದುಬಿಡುತ್ತದೆ. ಒಂದೇ ಸಂಪುಟದಲ್ಲಿದ್ದ ಇಬ್ಬರಲ್ಲಿ ಒಬ್ಬರು ಚರಿತ್ರೆಯಾದರು, ಇನ್ನೊಬ್ಬರು ಬರೀ ಗಲಾಟೆಯಾಗಿ ಉಳಿದರು. ಇದು ಹೇಗಾಯಿತು?

1956ರ ಏಕೀಕರಣದಿಂದ 1971ರವರೆಗೆ ಮುಖ್ಯಮಂತ್ರಿಗಳಾದವರೆಲ್ಲ ಲಿಂಗಾಯತರು. 1972ರಲ್ಲಿ ಬಂದ ಅರಸರ ಬೆನ್ನಿಗೆ ಹೇಳಿಕೊಳ್ಳುವಂಥ ಜಾತಿಬಲವಿರಲಿಲ್ಲ. ಚದುರಿಹೋಗಿದ್ದ ಸಣ್ಣ ಜಾತಿಗಳು, ಮುಸ್ಲಿಮರು, ದಲಿತರು ಇವರನ್ನೆಲ್ಲ ಕೂಡಿಸಿ ಅವರು ಅಧಿಕಾರ ಕಟ್ಟಬೇಕಿತ್ತು. ಬಸವಲಿಂಗಪ್ಪ ಈ ಕೂಡಿಕೆಯೊಳಗಿದ್ದ ದಲಿತ ಮಂತ್ರಿ. ಆದರೆ ಸುಮ್ಮನೆ ಕೂತು ಲೆಕ್ಕ ತುಂಬುವ ಮನುಷ್ಯರಲ್ಲ. ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇದಕ್ಕೆ ಕೇಂದ್ರದ ಕಾಯಿದೆ ಆದದ್ದು 1993ರಲ್ಲಿ! ನಮ್ಮ ಪಠ್ಯಪುಸ್ತಕಗಳು ಒಂದು ಸಾಲನ್ನಾದರೂ ಇದಕ್ಕೆ ಕೊಡಬೇಡವೆ?

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ದನದ ಮುಂದೆ ಇಡುವ ಬೂಸಾವನ್ನು ಸಾಹಿತ್ಯಕ್ಕೆ ಹೋಲಿಸಿದ್ದಕ್ಕೆ ರಾಜ್ಯವೇ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. ಅರಸರು ನಿಲ್ಲಲಿಲ್ಲ; ರಾಜೀನಾಮೆ ತಗೊಂಡರು. ಬೀದಿಗಿಳಿದ ಹುಡುಗರ ಜಾತಿಗಳ ಓಟು ಒಬ್ಬ ದಲಿತ ಮಂತ್ರಿಗಿಂತ ತೂಕದ್ದಾಗಿ ಕಂಡಿತು ಎಂದೇ ನನ್ನ ತಿಳಿವಳಿಕೆ. ಆ ಏಟು ತಿಂದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿತು, ಅದು ಬೇರೆ ಮಾತು.

ಇನ್ನು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವನು 7ನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕು. ಕರಾವಳಿ, ಮಲೆನಾಡುಗಳಲ್ಲಿ ಇದು ದೊಡ್ಡ ಕೆಲಸವನ್ನೇ ಮಾಡಿತು, ಅನುಮಾನ ಬೇಡ. ಆದರೆ ಫಾರಂ ಹಾಕಲು ಗೇಣಿದಾರನಾಗಿರಬೇಕಲ್ಲ! ಹೊಲೆಮಾದಿಗರ ಕೇರಿಯವನು ಬಹುಪಾಲು ಕೂಲಿ, ಇಲ್ಲವೇ ಜೀತ. ಬಿತ್ತೋನು ಅವನೇ, ಕುಯ್ಯೋನು ಅವನೇ. ಗೇಣಿ ಮಾತ್ರ ಇನ್ನೊಬ್ಬನ ಹೆಸರಲ್ಲಿ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯ 'ಉಳುವವ'ನೊಳಗೆ ಅವನಿರಲಿಲ್ಲ. ಮಿತಿ ಮೀರಿದ ಭೂಮಿಯಾದರೂ ಸಿಕ್ಕೀತೆಂದರೆ, ಹಂಚಿಕೆಗೆ ಬಂದದ್ದು ಅತಿ ಕಡಿಮೆ. ಮಂಜೂರಾದ ಜಮೀನು ದಲಿತರ ಕೈಬಿಡದಂತೆ 1978ರ ಕಾಯಿದೆ ತಂದದ್ದೂ ಅರಸರೇ ಎಂಬುದನ್ನು ಮರೆಯಬಾರದು. ಹಾವನೂರು ಆಯೋಗದ ಋಣ ಹಿಂದುಳಿದವರಿಗೆ ಗೊತ್ತೇ ಇದೆ.

1979ರಲ್ಲಿ ಅರಸು ಇಂದಿರಾಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ. ಅರಸರ ಪಕ್ಷಕ್ಕೆ ಒಂದೂ ಇಲ್ಲ. ಅವರೇ ಟಿಕೆಟ್ ಕೊಟ್ಟು ಬೆಳೆಸಿದ ಶಾಸಕರು ಗುಂಡೂರಾಯರ ಕಡೆ ಜಿಗಿದರು. 1973ರಲ್ಲಿ ಬಸವಲಿಂಗಪ್ಪನವರನ್ನು ಬಿಟ್ಟುಕೊಟ್ಟು ಅರಸರು ಉಳಿಸಿಕೊಂಡ ಕೂಟ ಇದೇ.