ತಪ್ಪು ಹಾಡಿನದೋ, ನಾಲ್ಕೂವರೆ ಬಸ್ಸಿನದೋ?

ಎಂ.ಎ. ಮನಃಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿ ನನ್ನ ಪ್ರಾಜೆಕ್ಟ್ ಹತ್ತೇ ದಿನಕ್ಕೆ ಮುಗಿದಿತ್ತು. ಹಾಡು ಕೇಳುತ್ತಾ ಓದಿದರೆ ನೆನಪು ಉಳಿಯುತ್ತದೆಯೇ ಎಂಬುದು ವಿಷಯ. ಇಯರ್‌ಫೋನ್ ಸಿಕ್ಕಿಸಿಕೊಂಡೇ ಎಫ್‌ಡಿಎ ಪರೀಕ್ಷೆಗೆ ಓದುವ ರೂಮ್‌ಮೇಟ್ ಜೊತೆಗಿನ ಜಗಳವೇ ಅದಕ್ಕೆ ಮೂಲ. 40 ವಿದ್ಯಾರ್ಥಿನಿಯರ ಒಪ್ಪಿಗೆ ಪಡೆದು, 20 ಪದಗಳ ಪಟ್ಟಿ ಓದಿಸಿ, ನೆನಪಿದ್ದಷ್ಟು ಬರೆಯಿಸಿದೆ. ನಿಶ್ಶಬ್ದದಲ್ಲಿ ಓದಿದವರ ಸರಾಸರಿ 13 ಪದ, ಹಾಡು ಕೇಳಿದವರದ್ದು 9. ರೂಮ್‌ಮೇಟ್ ಮುಂದೆ ಬೀಗಿದ್ದೇ ಬೀಗಿದ್ದು. ಪಾಪ, ಅವಳು ಅಂದಿನಿಂದ ಇಯರ್‌ಫೋನ್ ತೆಗೆದಿಟ್ಟಳು.

ಗೈಡ್ ಮೇಡಂ ಹಾಳೆ ತಿರುವಿ ಕೇಳಿದರು: ‘ಹಾಡು ಬಿಟ್ಟು ಈ ಎರಡು ಗುಂಪಿಗೆ ಮತ್ತೇನು ವ್ಯತ್ಯಾಸ ಇತ್ತಮ್ಮ?’

‘ಏನೂ ಇಲ್ಲ ಮೇಡಂ.’

‘ಯಾರ್ಯಾರು ಯಾವಾಗ ಬಂದ್ರು, ಅದನ್ನ ಹೇಳು.’

ಹೇಳುತ್ತಾ ಹೋದಂತೆ ನನಗೇ ಬೆವರು. ನಿಶ್ಶಬ್ದದ ಗುಂಪಿನವರು ಹಾಸ್ಟೆಲ್ ಹುಡುಗಿಯರು. ತಿಂಡಿ ತಿಂದು ಬೆಳಿಗ್ಗೆ ಹತ್ತಕ್ಕೆ ಬಂದಿದ್ದರು. ಹಾಡಿನ ಗುಂಪಿನವರು ಹಳ್ಳಿಗಳಿಂದ ಓಡಾಡುವವರು; ಕ್ಲಾಸೆಲ್ಲ ಮುಗಿಸಿ ಸಂಜೆ ನಾಲ್ಕಕ್ಕೆ ಕೂತಿದ್ದರು. ನಾಲ್ಕೂವರೆ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. ಒಬ್ಬಳಂತೂ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬರೆದಿದ್ದಳು. ಅವರ ನೆನಪು ಕೆಡಿಸಿದ್ದು ಹಾಡೋ, ಹಸಿವೋ, ಬಸ್ಸೋ? ನನ್ನ ಅಂಕಿಗಳಿಂದ ಹೇಳಲು ಸಾಧ್ಯವೇ ಇರಲಿಲ್ಲ.

ನಾವು ಬದಲಾಯಿಸುವುದು ಸ್ವತಂತ್ರ ಚರ, ಅಳೆಯುವುದು ಅವಲಂಬಿತ ಚರ ಎಂದು ನೆಟ್ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ನಾವು ಬದಲಾಯಿಸಿದ್ದರ ಬೆನ್ನಿಗೆ ಅಂಟಿಕೊಂಡು ಮೂರನೆಯದೊಂದು ಬದಲಾಗಿಬಿಡುವುದನ್ನು ಕನ್‌ಫೌಂಡಿಂಗ್ ಅನ್ನುತ್ತಾರೆ. ಅದರ ವ್ಯಾಖ್ಯೆಯೂ ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಹೆದರಿಸಿತು. ಪಟ್ಟಿಯಲ್ಲಿದ್ದ ‘ಮರ’ವನ್ನು ಕೆಲವರು ‘ಮರಗಳು’ ಎಂದು ಬರೆದಿದ್ದರು. ನಿಶ್ಶಬ್ದದ ಗುಂಪಿಗೆ ಅಂಕ ಕೊಟ್ಟಿದ್ದೆ, ಹಾಡಿನ ಗುಂಪಿಗೆ ಕೊಟ್ಟಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಆಗ ಮೇಡಂ ಬರ್ಲಿನ್‌ನ ಹಾನ್ಸ್ ಎಂಬ ಕುದುರೆಯ ಕಥೆ ಹೇಳಿದರು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರಿಸುತ್ತಿತ್ತಂತೆ. ಮೋಸವೇನೂ ಇರಲಿಲ್ಲ. ಆದರೆ ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿ ಆಸ್ಕರ್ ಫುಂಗ್‌ಸ್ಟ್ ಪರೀಕ್ಷಿಸಿದಾಗ ಕುದುರೆ ಸೋತಿತು. ಕೇಳುವವರ ತಲೆ, ಮೈಯ ಸಣ್ಣ ಅಲುಗಾಟ ನೋಡಿ ಅದು ಬಡಿಯುವುದನ್ನು ನಿಲ್ಲಿಸುತ್ತಿತ್ತು. ತಾವು ಅಲುಗುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. 1907ರಲ್ಲೇ ಪ್ರಕಟವಾದ ಪಾಠ ನನಗೆ ತಲುಪಿದ್ದು ಆ ದಿನ.

ಸಲ್ಲಿಕೆಗೆ ಮೂರೇ ವಾರ ಇತ್ತು. ‘ಎಕ್ಸ್‌ಟರ್ನಲ್ ಬಂದು ಬಸ್ ಟೈಮ್ ಕೇಳ್ತಾರಾ? ಬೈಂಡಿಂಗ್ ಮಾಡ್ಸಮ್ಮ’ ಎಂದರು ಸೀನಿಯರ್ ಒಬ್ಬರು. ಒಂದು ರಾತ್ರಿ ನನಗೂ ಹಾಗೇ ಅನ್ನಿಸಿತ್ತು. ಆದರೆ ಪಕ್ಕದ ಮಂಚದಲ್ಲಿ ರೂಮ್‌ಮೇಟ್ ನನ್ನ 13 ಮತ್ತು 9ನ್ನು ನಂಬಿ, ಹಾಡಿಲ್ಲದೆ ತೂಕಡಿಸುತ್ತಾ ಓದುತ್ತಿದ್ದಳು.

ಬೇರೆ ವಿಭಾಗಗಳಿಂದ ಹೊಸಬರನ್ನು ಕರೆದೆ. ಬಂದವರು 36 ಜನ. ಸ್ಟೀಲ್ ಡಬ್ಬಿಯಲ್ಲಿ 36 ಚೀಟಿ, ಎತ್ತಿದವರ ಅದೃಷ್ಟ. ಹೀಗೆ ಮಾಡಿದರೆ ಗುಂಪುಗಳು ತದ್ರೂಪ ಆಗಿಬಿಡುತ್ತವೆ ಎಂದಲ್ಲ. ಯಾರನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿ ನನ್ನ ಕೈ ಇರುವುದಿಲ್ಲ, ಅಷ್ಟೆ. ಒಂದೇ ಕೊಠಡಿ, ಒಂದೇ ಹೊತ್ತು. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಹಾಡು ಬಂದದ್ದು ಅರ್ಧ ಜನಕ್ಕೆ. ಬಹುವಚನ ಬರೆದರೆ ಅಂಕ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಬರೆದಿಟ್ಟೆ. ಉತ್ತರ ಹಾಳೆಯ ಮೇಲೆ ಬರೀ ನಂಬರ್. ತಿದ್ದಿದ್ದು ಯಾರು ಯಾವ ಗುಂಪೆಂದು ತಿಳಿಯದ ಕನ್ನಡ ವಿಭಾಗದ ಗೆಳತಿ.

ಈ ಸಲ 11.4 ಮತ್ತು 10.8. ಬರೀ ಆಕಸ್ಮಿಕವಾಗಿಯೂ ಇಷ್ಟು ವ್ಯತ್ಯಾಸ ಬರಬಹುದೆಂದಿತು ಸಂಖ್ಯಾಶಾಸ್ತ್ರ. ಹಾಗಂತ ಹಾಡಿನಿಂದ ತೊಂದರೆಯೇ ಇಲ್ಲ ಎಂದೂ ಸಾಬೀತಾಗಲಿಲ್ಲ. ಗುಂಪಿಗೆ 18 ಜನರಿಟ್ಟುಕೊಂಡು ಸಣ್ಣ ಪರಿಣಾಮ ಹಿಡಿಯುವುದು ಕಷ್ಟ.

‘ಅಂದ್ರೆ ಈಗ ಹಾಡು ಹಾಕ್ಕೊಳ್ಲಾ, ಬೇಡ್ವಾ?’ ಕೇಳಿದಳು ರೂಮ್‌ಮೇಟ್.

‘ಗೊತ್ತಿಲ್ಲ ಕಣೇ.’

ದಿಂಬು ಎಸೆದಳು.

ವೈವಾದಲ್ಲಿ ಎಕ್ಸ್‌ಟರ್ನಲ್ ಬಸ್ಸಿನ ವಿಷಯ ಎತ್ತಲೇ ಇಲ್ಲ. ‘ಆ ಹಾಡು ಎಲ್ಲರಿಗೂ ಮೊದಲೇ ಬಾಯಿಗೆ ಬರ್ತಿತ್ತಾ?’ ಎಂದರು. ಎಲ್ಲರೂ ಗುನುಗುತ್ತಿದ್ದ ಸಿನಿಮಾ ಹಾಡು ಅದು. ಹೊಸ ಹಾಡಾಗಿದ್ದರೆ, ಮಾತಿಲ್ಲದ ಸಂಗೀತವಾಗಿದ್ದರೆ ಬೇರೆಯದೇ ಫಲಿತಾಂಶ ಬರುತ್ತಿತ್ತೇನೋ. ಕೇಳಿಕೊಂಡಿರಲಿಲ್ಲ ಸರ್ ಎಂದೆ. ಅವರು ಮಾರ್ಜಿನ್‌ನಲ್ಲಿ ಏನೋ ಗುರುತು ಹಾಕಿ ಪುಟ ತಿರುವಿದರು.