18 ಸಾವಿರದೊಳಗೆ ವಲೀಮಾದ ಅಲಂಕಾರ

ಕಳೆದ ಆಷಾಢದಲ್ಲಿ ನಮ್ಮ ತಂಗಿಯ ಮಗನ ಮದುವೆ ಆಯಿತು. ನಿಕಾಹ್ ಹುಡುಗಿಯ ಊರು ಬಂಟ್ವಾಳ ಕಡೆ, ವಲೀಮಾ ಇಲ್ಲಿ ಬೆಂಗಳೂರಿನ ರಾಜಗೋಪಾಲನಗರದಲ್ಲಿ. ಭಾವ ಮುಖ್ಯರಸ್ತೆಯಲ್ಲಿ ಸಣ್ಣ ಜ್ಯೂಸ್ ಅಂಗಡಿ ಇಟ್ಟುಕೊಂಡವರು. ಅಳಿಯ ಪೀಣ್ಯ ಎರಡನೇ ಹಂತದ ವರ್ಕ್‌ಶಾಪೊಂದರಲ್ಲಿ ಸಿ.ಎನ್.ಸಿ. ಆಪರೇಟರ್. 250 ಜನರ ಬಿರಿಯಾನಿಗೂ ಮಹಡಿ ಮೇಲಿನ ಸಣ್ಣ ಹಾಲ್‌ಗೂ ಹಣ ಹೊಂದಿಸಿ ಆಗಿತ್ತು. ಅಲಂಕಾರದ ಲೆಕ್ಕ ಮಾತ್ರ ಯಾರ ತಲೆಯಲ್ಲೂ ಇರಲಿಲ್ಲ.

ಒಬ್ಬ ಡೆಕೋರೇಷನ್‌ನವರು ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಬಿಳಿ ಕಂಬಗಳು, ಹೂವಿನ ಗೋಡೆ, ತೂಗುದೀಪ, ಮದುಮಕ್ಕಳು ಒಳಗೆ ಬರುವಾಗ ನೆಲದಿಂದ ಏಳುವ ಹೊಗೆ. ಎಲ್ಲ ಸೇರಿ 1,10,000 ರೂಪಾಯಿ. ಅವರು ಹೋದ ಮೇಲೆ ತಂಗಿ ಮೆಲ್ಲಗೆ ಹೇಳಿದಳು: "ಕಾಕಾ, ನನ್ನ ಅಲಿಕತ್ತು ಬ್ಯಾಂಕಿನಲ್ಲಿ ಇಡುವಾ. ಆರು ತಿಂಗಳಲ್ಲಿ ಬಿಡಿಸಿಕೊಳ್ತೇನೆ."

ಆ ಅಲಿಕತ್ತು ನಮ್ಮ ಉಮ್ಮನ ಕಿವಿಯಲ್ಲಿ ಇದ್ದದ್ದು. ಅದನ್ನು ಬಡ್ಡಿಗೆ ಇಟ್ಟು, ಮೂರು ಗಂಟೆಯ ಬಟ್ಟೆ-ಹೂವಿಗೆ ಸುರಿಯುವುದೇ? ಮದ್ರಸದಲ್ಲಿ ಮಕ್ಕಳಿಗೆ ಬಡ್ಡಿಯ ಪಾಠ ಹೇಳುವ ನಾವು ನಮ್ಮ ಮನೆಯಲ್ಲೇ ಬಾಯಿ ಮುಚ್ಚಿ ಕೂರುವುದು ಹೇಗೆ? ಆದರೆ ತಂಗಿಯ ಮಾತನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ. "ಹುಡುಗಿ ಮನೆಯವರು ಊರಿಂದ ಬಸ್ ಮಾಡಿಕೊಂಡು ಬರ್ತಾರೆ. ಅವರಿಗೆ ಬೋಳು ಗೋಡೆ ತೋರಿಸ್ಲಾ? ಮದುಮಗಳು ಮೊದಲ ಸಲ ನಮ್ಮಲ್ಲಿಗೆ ಬರುವುದಲ್ವಾ?" ಎಂದು ಅವಳು ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಬರುವವರನ್ನು ಚೆಂದ ಮಾಡಿ ಸ್ವಾಗತಿಸುವುದು ತಪ್ಪಲ್ಲ. ಸಾಲ ಮಾಡಿ ಸ್ವಾಗತಿಸುವುದು ಬೇರೆ ಮಾತು.

ಈ ಜಗಳ ಇವತ್ತಿನದ್ದೂ ಅಲ್ಲ. ಇಬ್ನು ಉಮರ್ (ರ) ಅವರು ಮಗ ಸಾಲಿಮ್‌ರ ಮದುವೆಗೆ ಸಹಾಬಿ ಅಬೂ ಅಯ್ಯೂಬ್ ಅನ್ಸಾರಿ (ರ) ಅವರನ್ನು ಕರೆದಿದ್ದರು. ಬಂದವರು ನೋಡುತ್ತಾರೆ, ಮನೆಯ ಗೋಡೆಗೆ ಪರದೆ ಹೊದಿಸಲಾಗಿದೆ. ಗೋಡೆಗೆ ಯಾಕೆ ಬಟ್ಟೆ ಎಂದು ಕೇಳಿದಾಗ, ಈ ವಿಷಯದಲ್ಲಿ ಹೆಂಗಸರು ನಮ್ಮನ್ನು ಸೋಲಿಸಿಬಿಟ್ಟರು ಎಂದು ಇಬ್ನು ಉಮರ್ ನಾಚಿಕೊಂಡರಂತೆ. ಅಬೂ ಅಯ್ಯೂಬ್ ಊಟ ಮಾಡದೆ ಹೊರಟುಹೋದರು. ಬುಖಾರಿಯ ನಿಕಾಹ್ ಅಧ್ಯಾಯದಲ್ಲಿ ಈ ಘಟನೆ ಇದೆ. ಇದನ್ನು ಹೇಳಿದಾಗ ತಂಗಿ ನಕ್ಕು, "ಹಾಗಾದ್ರೆ ಆಗಲೂ ಗಂಡಸರು ತಪ್ಪನ್ನು ನಮ್ಮ ಮೇಲೆಯೇ ಹಾಕಿದ್ದಾ?" ಎಂದಳು. ಮನೆಯವರೆಲ್ಲ ನಕ್ಕರು, ಬಿಗಿ ಸಡಿಲವಾಯಿತು. ಆ ನಗುವಿನಲ್ಲೇ ಒಂದು ತೀರ್ಮಾನವೂ ಆಯಿತು: ಅಲಿಕತ್ತು ಪೆಟ್ಟಿಗೆಯಲ್ಲೇ ಇರಲಿ, ಅಲಂಕಾರ 20 ಸಾವಿರ ದಾಟಬಾರದು, ಕೆಲಸ ನಾವೇ ಮಾಡುವುದು.

ಮೊದಲು ಒಂದು ಪ್ರಶ್ನೆ ಹಾಕಿಕೊಂಡೆವು. ಜನ ಎಲ್ಲಿ ಕೂರುತ್ತಾರೆ, ಏನು ನೋಡುತ್ತಾರೆ? ಗಂಡಸರ ಕಡೆ ಬಂದವರು ಮದುಮಗನಿಗೆ ಸಲಾಂ ಹೇಳಿ, ಊಟ ಮಾಡಿ ಹೊರಡುತ್ತಾರೆ. ಅಲ್ಲಿಗೆ ಒಂದು ಬಟ್ಟೆ, ಎರಡು ಕುರ್ಚಿ ಸಾಕು. ಹೆಂಗಸರ ಕಡೆ ಮದುಮಗಳು ಗಂಟೆಗಟ್ಟಲೆ ಕೂರುತ್ತಾಳೆ, ನೆಂಟರು ಹತ್ತಿರ ಕೂತು ಮಾತಾಡುತ್ತಾರೆ. ಹಾಗಾಗಿ ಹಣವೆಲ್ಲ ಆ ಕಡೆಗೆ. ಬಾಗಿಲು, ಮೆಟ್ಟಿಲು, ಕಿಟಕಿ ಯಾವುದಕ್ಕೂ ಅಲಂಕಾರ ಬೇಡ. ಈ ಒಂದು ತೀರ್ಮಾನದಿಂದಲೇ ಅರ್ಧ ಖರ್ಚು ಇಳಿಯಿತು. ಮದುಮಗಳನ್ನೂ ಕೇಳಿದೆವು. ಅವಳ ಆಸೆ ಒಂದೇ: "ಪ್ಲಾಸ್ಟಿಕ್ ಹೂ ಬೇಡ."

ವೇದಿಕೆಯ ಹಿಂದೆ ಬಟ್ಟೆ ಕಟ್ಟಲು ಚೌಕಟ್ಟು ಬೇಕಲ್ಲ. ಪೀಣ್ಯದಲ್ಲಿ ಕಬ್ಬಿಣದ ಕೆಲಸಕ್ಕೆ ಏನು ಬರ? ಅಳಿಯನ ಗೆಳೆಯರು ಒಂದು ಭಾನುವಾರ ಕೂತು ಒಂದು ಇಂಚಿನ ಚೌಕ ಪೈಪಿನಲ್ಲಿ 16 ಅಡಿ ಅಗಲ, 8 ಅಡಿ ಎತ್ತರದ ಚೌಕಟ್ಟು ಮಾಡಿಕೊಟ್ಟರು. ನಾಲ್ಕು ತುಂಡು, ಬೋಲ್ಟ್ ಬಿಚ್ಚಿದರೆ ಆಟೋದಲ್ಲಿ ಕಟ್ಟಿ ಒಯ್ಯಬಹುದು. ಪೈಪಿನ ಹಣ ಕೊಟ್ಟೆವು, ಮಜೂರಿ ಅವರು ಮುಟ್ಟಲಿಲ್ಲ. ಬಟ್ಟೆ ಚಿಕ್ಕಪೇಟೆಯ ಸಗಟು ಅಂಗಡಿಯಿಂದ 60 ಮೀಟರ್, ಬಿಳಿ ಮತ್ತು ತಿಳಿ ಹಸಿರು. ಸೀರಿಯಲ್ ಲೈಟ್ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ.

ಹೂವಿಗೆ ಕೆ.ಆರ್. ಮಾರ್ಕೆಟ್. ಭಾನುವಾರ ಬೆಳಗಿನ ಮೂರು ಗಂಟೆಗೆ ಟೆಂಪೋದಲ್ಲಿ ಹೊರಟು, ಹೂ ತುಂಬಿಸಿ, ಹತ್ತಿರದ ಮಸೀದಿಯಲ್ಲಿ ಸುಬಹಿ ನಮಾಜ್ ಮಾಡಿ ಬಂದೆವು. ಬಿಡಿ ಹೂ ಕೆ.ಜಿ. ಲೆಕ್ಕ, ಕಟ್ಟಿದ್ದು ಮಾರು ಲೆಕ್ಕ. ಕಟ್ಟುವ ಕೈ ಮನೆಯಲ್ಲಿದ್ದರೆ ಬಿಡಿ ಹೂವೇ ಲಾಭ. ಚೆಂಡುಹೂ, ಸೇವಂತಿಗೆ ಸಂಜೆಯವರೆಗೂ ಬಾಡುವುದಿಲ್ಲ. ಗುಲಾಬಿ ಬಿಸಿಗೆ ಬೇಗ ಎಸಳು ಬಿಡುತ್ತದೆ. ಸುಗಂಧರಾಜ ನಾಲ್ಕು ಕಡ್ಡಿ ಸಾಕು, ಹೆಚ್ಚಾದರೆ ಸಣ್ಣ ಹಾಲ್‌ನಲ್ಲಿ ಬಿರಿಯಾನಿಯ ಪರಿಮಳಕ್ಕೂ ಅದಕ್ಕೂ ಜಗಳ. ದಿನ ಆರಿಸುವಾಗಲೂ ಜಾಗ್ರತೆ ಬೇಕು. ವರಮಹಾಲಕ್ಷ್ಮಿ, ಆಯುಧಪೂಜೆಯ ಹೊತ್ತಿಗೆ ಹೂವಿನ ಬೆಲೆ ಏರುತ್ತದೆ. ಆಷಾಢದಲ್ಲಿ ಹಿಂದೂ ಸೋದರರ ಮದುವೆ ಇರುವುದಿಲ್ಲವಾದ್ದರಿಂದ ಹಾಲ್, ಶಾಮಿಯಾನ, ಹೂ ಎಲ್ಲದರಲ್ಲೂ ಚೌಕಾಸಿಗೆ ಜಾಗ ಇರುತ್ತದೆ.

ಒಂದು ಕಾನೂನಿನ ಮಾತು. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದು, ಬಲೂನಿಗೆ ಪ್ಲಾಸ್ಟಿಕ್ ಕಡ್ಡಿ, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಮದುಮಕ್ಕಳ ಹೆಸರನ್ನು ಥರ್ಮೋಕೋಲಿನಲ್ಲಿ ಕೊರೆಸುವ ಅಭ್ಯಾಸ ನಮ್ಮವರಲ್ಲಿ ಇನ್ನೂ ಇದೆ. ನಮ್ಮ ಮದ್ರಸದ ಮಕ್ಕಳು ದಪ್ಪ ಕಾಗದದಲ್ಲಿ ಬರೆದು ಕತ್ತರಿಸಿ ಕೊಟ್ಟರು. ಅಕ್ಷರ ಸ್ವಲ್ಪ ವಾರೆ ಇತ್ತು, ಇರಲಿ.

ಲೆಕ್ಕ ಹೀಗಿದೆ: ಪೈಪು 4,200, ಹೂ 3,900, ಬಟ್ಟೆ 2,700, ಸೀರಿಯಲ್ ಲೈಟ್ 1,800, ಟೆಂಪೋ 1,600, ಸೋಫಾ ಮತ್ತು ಕುರ್ಚಿ ಬಾಡಿಗೆ 1,200, ಮೇಜಿಗೆ ಕಾಗದದ ಹಾಳೆ 1,100, ಎಲ್.ಇ.ಡಿ. ಫೋಕಸ್ ಲೈಟ್ ಬಾಡಿಗೆ 800, ದಾರ-ಪಿನ್ನು-ತಂತಿ 600. ಒಟ್ಟು 17,900 ರೂಪಾಯಿ. ಮಲ್ಲಿಗೆ ಇದರಲ್ಲಿ ಇಲ್ಲ. ಅದನ್ನು ಹುಡುಗಿ ಕಡೆಯವರು ಊರಿನಿಂದ ಬಾಳೆ ಎಲೆಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತಂದರು, ಒಂದು ಅಟ್ಟೆ. ಅಟ್ಟೆ ಎಂದರೆ ನಾಲ್ಕು ಚೆಂಡು, ಚೆಂಡಿಗೆ 800 ಹೂ. ಬೆಂಗಳೂರಿನ ಹಾಲ್ ಒಳಗೆ ಊರಿನ ವಾಸನೆ ಬಂತು.

ಎಲ್ಲವೂ ಸಲೀಸಾಗಿ ಆಯಿತು ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಲೈಟ್ ಹಾಕಿದ ಕೂಡಲೇ ಕರೆಂಟ್ ಟ್ರಿಪ್ ಆಯಿತು. ನಾವು ಎಲ್ಲ ಸರಗಳನ್ನೂ ಒಂದೇ ಪ್ಲಗ್ಗಿಗೆ ಜೋಡಿಸಿದ್ದೆವು, ನಡುವೆ ಒಂದು ಕಡೆ ವೈರ್ ಸಿಪ್ಪೆ ಎದ್ದಿತ್ತು. ಎಲೆಕ್ಟ್ರಿಷಿಯನ್ ಕೆಲಸ ಗೊತ್ತಿದ್ದ ಹುಡುಗನೊಬ್ಬ ಬಂದು ಬೇರೆ ಬೇರೆ ಮಾಡಿ, ಬಟ್ಟೆಗೆ ತಾಗದ ಹಾಗೆ ಕಟ್ಟಿಸಿದ. ಇದರಲ್ಲಿ ಉಳಿತಾಯ ನೋಡಬೇಡಿ. ಬಟ್ಟೆಯ ಹತ್ತಿರ ಹ್ಯಾಲೊಜನ್ ಇಡಲೇಬೇಡಿ, ಅದರ ಬಿಸಿಗೆ ಬೆಂಕಿ ಹತ್ತುವ ಅಪಾಯ ಇದೆ. ವೈರಿನ ಕೆಲಸ ಗೊತ್ತಿದ್ದವರನ್ನು ಹಿಂದಿನ ದಿನವೇ ಕರೆಸಿ.

ಇನ್ನೊಂದು ನೋವು ಲೆಕ್ಕಕ್ಕೆ ಸಿಗುವುದಲ್ಲ. ಊಟದ ಹೊತ್ತಿಗೆ ನೆಂಟರೊಬ್ಬರು ವೇದಿಕೆ ನೋಡಿ, "ಇಷ್ಟೇನಾ?" ಎಂದರು. ತಂಗಿಯ ಮುಖ ಸಣ್ಣದಾಯಿತು. ಆಗ ಹುಡುಗಿಯ ಅಜ್ಜಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ನಿನ್ನ ಮಗ ಸಾಲ ಇಲ್ಲದೆ ನಮ್ಮ ಮಗಳನ್ನು ಕರ್ಕೊಂಡು ಬಂದ ಅಲ್ವಾ, ನಮಗೆ ಅದು ಸಾಕು" ಎಂದರಂತೆ. ತಂಗಿ ಇದನ್ನು ನಮಗೆ ಹೇಳಿದ್ದು ಮೂರು ದಿನ ಬಿಟ್ಟು.

ವರ್ಕ್‌ಶಾಪಿನ ಹುಡುಗರನ್ನೆಲ್ಲ ಊಟಕ್ಕೆ ಕರೆದಿದ್ದೆವು. ಉತ್ತರ ಕರ್ನಾಟಕದವರು, ಬಿಹಾರದವರು, ಸುಮಾರು 30 ಮಂದಿ. ಅಲಂಕಾರದಲ್ಲಿ ಉಳಿದದ್ದು ಅವರ ತಟ್ಟೆಗೆ ಹೋಯಿತು. ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟವೇ ಕೆಟ್ಟ ಊಟ ಎಂದು ಹದೀಸ್ ಇದೆ. ಗೋಡೆಗೆ ಬಟ್ಟೆ ಹೊದಿಸುವ ಮೊದಲು ಅದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಚೌಕಟ್ಟು, ಬಟ್ಟೆ, ಲೈಟ್ ಈಗ ನಮ್ಮ ಮದ್ರಸದ ಅಟ್ಟದಲ್ಲಿವೆ. ಆ ಮೇಲೆ ಎರಡು ಮದುವೆಗೆ ಹೋಗಿ ಬಂದಿವೆ. ಅದರಲ್ಲಿ ಒಂದು, ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿರುವವರ ಮಗಳದ್ದು. ಅವರಿಗೆ ಅಲಂಕಾರಕ್ಕೆ ಆದದ್ದು ಹೂವಿನ ಹಣ ಮಾತ್ರ. ಬಾಡಿಗೆ ಇಲ್ಲ, ಬಟ್ಟೆ ಒಗೆದು ಮಡಚಿ ತಂದುಕೊಡಬೇಕು ಅಷ್ಟೇ. ಪ್ರತಿ ಮೊಹಲ್ಲಾದಲ್ಲೂ ಹೀಗೆ ಒಂದು ಸೆಟ್ ಇದ್ದರೆ ಎಷ್ಟೋ ಉಮ್ಮಂದಿರ ಚಿನ್ನ ಬ್ಯಾಂಕಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಜಮಾಅತಿನ ಹಿರಿಯರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ ಎಂಬುದು ನಮ್ಮ ಕೋರಿಕೆ.