ಗೋಲಿ ಕೈಗೆ ಬಂದರೆ ಗಾಡಿ ಹೊರಡುತ್ತದೆ

ಸುಮ್ಮನೆ ಸುತ್ತುವ ರೈಲು ಮಕ್ಕಳನ್ನು ಹಿಡಿದಿಡುವುದಿಲ್ಲ. ಅಂಗಡಿಯಿಂದ ತಂದ ಪೆಟ್ಟಿಗೆ ಬಿಚ್ಚಿ, ಹಳಿಗಳನ್ನು ದುಂಡಗೆ ಜೋಡಿಸಿ, ಗುಂಡಿ ಒತ್ತಿದರೆ ಗಾಡಿ ಗಿರಕಿ ಹೊಡೆಯುತ್ತದೆ. ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಹುಡುಗರ ಕಣ್ಣು ಮೊಬೈಲಿನತ್ತ ಹೊರಳಿರುತ್ತದೆ. ಅದೇ ಹಳಿಯನ್ನು ಕಳಚಿ ಉದ್ದಕ್ಕೆ ಎಳೆಯಿರಿ. ಎರಡು ತುದಿಗೆ ಎರಡು ಸ್ಟೇಷನ್ ಕಟ್ಟಿ, ಒಂದೊಂದಕ್ಕೂ ಒಬ್ಬ ಮಾಸ್ತರನನ್ನು ಕೂರಿಸಿ, ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ನಡೆಸಲು ಹೇಳಿ. ದಸರಾ ರಜೆ ಮುಗಿಯುವ ತನಕ ಮನೆಯಲ್ಲಿ ಬೇರೆ ಮಾತಿರುವುದಿಲ್ಲ.

ನಾನು ರೈಲ್ವೆಯ ಸಿಗ್ನಲ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಊರು ವಾಡಿ ಕಡೆ, ಮನೆ ಹೈದರಾಬಾದಿನ ತಾರ್ನಾಕದಲ್ಲಿ. ಇಲ್ಲಿ ಯಾವ ದಿಕ್ಕಿಗೆ ಹೊರಟರೂ ರೈಲು ಎದುರಾಗುತ್ತದೆ. ಒಂದು ಕಡೆ ಲಾಲಾಗುಡದ ವರ್ಕ್‌ಶಾಪು ಮತ್ತು ಎಲೆಕ್ಟ್ರಿಕ್ ಲೋಕೋ ಶೆಡ್ಡು, ಇನ್ನೊಂದು ಕಡೆ ಸೀತಾಫಲ್‌ಮಂಡಿ ಮತ್ತು ಆರ್ಟ್ಸ್ ಕಾಲೇಜು ಸ್ಟೇಷನ್‌ಗಳು, ತಲೆಯ ಮೇಲೆ 2017ರಿಂದ ಮೆಟ್ರೊ. ದೇಶದ ಮೂಲೆಮೂಲೆಯ ರೈಲ್ವೆಯವರು ಸಿಗ್ನಲ್ ವಿದ್ಯೆ ಕಲಿಯಲು ಬರುವ ಇರಿಸೆಟ್ ಸಂಸ್ಥೆಯೂ ಇಲ್ಲೇ ಇದೆ, 1957ರಲ್ಲಿ ಶುರುವಾದದ್ದು. ಇಂಥ ಬಡಾವಣೆಯಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಇಂಜಿನ್ನಿನ ಬಣ್ಣ, ಹಾರನ್ನಿನ ದನಿ ಎಲ್ಲ ಗೊತ್ತು. ಗೊತ್ತಿರದೆ ಇದ್ದದ್ದು ಒಂದೇ: ರೈಲು ಯಾಕೆ ನಿಲ್ಲುತ್ತದೆ, ಯಾರ ಮಾತಿಗೆ ಹೊರಡುತ್ತದೆ ಎನ್ನುವುದು. ಅದನ್ನು ಹೇಳಿಕೊಡಲು ಪ್ಲಾಸ್ಟಿಕ್ ಇಟ್ಟಿಗೆಗಳಿಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ.

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಲೆಗೊ ಕಂಪನಿ ಈಗಿನ ಮಾದರಿಯ ಇಟ್ಟಿಗೆಗೆ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿತು. ಅಂದಿನಿಂದ ಅಳತೆ ಬದಲಾಗಿಲ್ಲ. ಮೇಲಿನ ಒಂದು ಗುಬುಟಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6, ತೆಳು ತಟ್ಟೆಯ ಎತ್ತರ ಅದರ ಮೂರರಲ್ಲಿ ಒಂದು ಪಾಲು. 1966ರಲ್ಲಿ ಮೋಟಾರಿನ ರೈಲು ಬಂತು. ಈಗ ಅದೇ ಅಳತೆಗೆ ಕೂರುವ ಇಟ್ಟಿಗೆಗಳನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಹಾಗಾಗಿ ಕೊಳ್ಳುವ ಭಾರ ಸ್ವಲ್ಪ ಇಳಿದಿದೆ. ಆದರೂ ಮೋಟಾರು, ಬ್ಯಾಟರಿ ಪೆಟ್ಟಿಗೆ ದುಬಾರಿಯೇ. ನಮ್ಮಲ್ಲಿ ಮೋಟಾರಿರುವುದು ಒಂದೇ ಗಾಡಿಗೆ, ಇನ್ನೊಂದನ್ನು ಚಿಕ್ಕವನು ಮೊಣಕಾಲೂರಿ ಕೈಯಿಂದ ತಳ್ಳುತ್ತಾನೆ. ಆಟಕ್ಕೆ ಅದರಿಂದ ಏನೂ ಕೊರತೆಯಾಗಿಲ್ಲ.

ನಮ್ಮ ಸೊಸೆ ಮೈಸೂರಿನವಳು. ಅವಳು ಬಂದ ಮೇಲೆ ನಮ್ಮ ಮನೆಗೆ ಬೊಂಬೆ ಕೂರಿಸುವ ಪದ್ಧತಿ ಬಂತು. ನಮ್ಮ ಕಡೆ ದಸರಾ ಎಂದರೆ ಬನ್ನಿ ಹಂಚುವ ಹಬ್ಬ. ಪಾಡ್ಯದ ದಿನ ಪಟ್ಟದ ಬೊಂಬೆಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿದ ಮೇಲೆ, ಕೆಳಗಿನ ನೆಲ ಮಕ್ಕಳದ್ದು. ಬೊಂಬೆ ಮನೆಯ ಕೆಳಗೆ ಊರು, ತೋಟ, ಸಂತೆ ಮಾಡುವುದು ಮೈಸೂರು ಸೀಮೆಯ ವಾಡಿಕೆಯೇ ಆಗಿರುವುದರಿಂದ ರೈಲಿಗೆ ಯಾರೂ ಬೇಡ ಅನ್ನಲಿಲ್ಲ. ತೆಲಂಗಾಣದ ಶಾಲೆಗಳಿಗೆ ದಸರೆಯಲ್ಲಿ ಸುಮಾರು ಎರಡು ವಾರ ರಜೆ. ಮೆಟ್ಟಿಲಿನ ಎಡಗಡೆಯಿಂದ ಹೊರಟು, ಹಾಲ್ ಬಳಸಿ, ಅಡುಗೆಮನೆಯ ಬಾಗಿಲ ತನಕ ನಮ್ಮ ಹಳಿ ಹೋಗುತ್ತದೆ.

ಯಾವ ಮಾರ್ಗ ಕಟ್ಟಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಏಳಲೇ ಇಲ್ಲ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಬಂತು. ಮುಂಬಯಿ–ಮದ್ರಾಸ್ ಮಾರ್ಗಕ್ಕೆ ಹೈದರಾಬಾದನ್ನು ಕಟ್ಟಿದ ಕೊಂಡಿ ಅದು. ನಮ್ಮಂಥ ಎಷ್ಟೋ ಕನ್ನಡ ಮನೆಗಳು ಚಿತ್ತಾಪುರ, ಸೇಡಂ ಕಡೆಯಿಂದ ಈ ಊರಿಗೆ ಬಂದದ್ದು ಅದೇ ಹಳಿಯ ಮೇಲೆ. ದಾರಿಯಲ್ಲಿ ಮಳಖೇಡ ರೋಡ್ ಎಂಬ ಸ್ಟೇಷನ್ ಇದೆ. ನೃಪತುಂಗ ಆಳಿದ ಮಾನ್ಯಖೇಟ ಅದೇ. ಮೊಮ್ಮಗಳು ಅಲ್ಲಿ ಬೂದು ಇಟ್ಟಿಗೆಯಲ್ಲಿ ಕೋಟೆ ಕಟ್ಟಿದ್ದಾಳೆ, ಪಕ್ಕದಲ್ಲಿ ಕಾಗಿಣಾ ನದಿಗೆ ನೀಲಿ ತಟ್ಟೆ ಹಾಸಿದ್ದಾಳೆ. ವಾಡಿಯಲ್ಲಿ ಸಿಮೆಂಟಿನ ಗೂಡ್ಸ್ ನಿಲ್ಲುತ್ತದೆ. ತಾಂಡೂರಿನಲ್ಲಿ ಕಲ್ಲು ತುಂಬುತ್ತಾರೆ. ನಮ್ಮ ಹಾಲಿನ ನೆಲವೇ ತಾಂಡೂರು ಬಂಡೆಯದು, ಹಾಗಾಗಿ ನಕ್ಷೆ ಬರೆಯುವ ಕೆಲಸ ಸುಲಭವಾಯಿತು. ಬಂಡೆಯ ಸಂದುಗಳನ್ನೇ ಚೌಕುಳಿಯಾಗಿ ಹಿಡಿದು, ಎರಡಡಿಯ ಒಂದೊಂದು ಬಂಡೆಗೆ ಒಂದೊಂದು ಚೌಕ ಎಂದು ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿದರೆ ಮುಗಿಯಿತು.

ಮಕ್ಕಳು ಮೊದಲು ಕೇಳುವುದು, "ಮುತ್ಯಾ, ಖರೇ ಅಳತೀದೇ ಮಾಡೋಣೇನು?" ಇಲ್ಲಿ ಒಂದು ಲೆಕ್ಕ ಅವರ ಕೈಯಿಂದಲೇ ಮಾಡಿಸಬೇಕು. ನಮ್ಮ ಬ್ರಾಡ್‌ಗೇಜಿನ ಅಗಲ 1676 ಮಿಲಿಮೀಟರ್, ಇಟ್ಟಿಗೆ ರೈಲಿನ ಹಳಿಯದು 37.5. ಅಂದರೆ ಸುಮಾರು ನಲವತ್ತೈದರಲ್ಲಿ ಒಂದು ಪಾಲು. ಈಗಿನ ಎಲ್‌ಎಚ್‌ಬಿ ಬೋಗಿ 23 ಮೀಟರಿಗೂ ಉದ್ದ. ಆ ಲೆಕ್ಕದಲ್ಲಿ ಕಟ್ಟಿದರೆ ಅರ್ಧ ಮೀಟರ್ ದಾಟುತ್ತದೆ. ಇಟ್ಟಿಗೆ ರೈಲಿನ ಮಾಮೂಲಿ ತಿರುವಿನ ತ್ರಿಜ್ಯ 32 ಸೆಂಟಿಮೀಟರ್, ಹದಿನಾರು ತುಂಡಿಗೆ ಒಂದು ಪೂರ್ತಿ ಸುತ್ತು. ನಿಜವಾದ ಬ್ರಾಡ್‌ಗೇಜಿನಲ್ಲಿ 175 ಮೀಟರಿಗಿಂತ ಕಡಿದಾದ ತಿರುವು ಹಾಕುವಂತಿಲ್ಲ. ಅದನ್ನು ನಲವತ್ತೈದರಿಂದ ಭಾಗಿಸಿದರೆ ಸುಮಾರು ನಾಲ್ಕು ಮೀಟರ್ ತ್ರಿಜ್ಯ, ಗಾಡಿ ತಿರುಗಿ ಬರಲು ಎಂಟು ಮೀಟರ್ ಅಗಲದ ಹಾಲ್ ಬೇಕು. ವಾಡಿ–ಸಿಕಂದರಾಬಾದ್ ದೂರವನ್ನೂ ಹಾಗೇ ಭಾಗಿಸಿದಾಗ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಬಂತು. ಹುಡುಗಿ ಪೆನ್ಸಿಲ್ ಕೆಳಗಿಟ್ಟು, "ಹಂಗಾದ್ರ ಸ್ಟೇಷನ್ ತನಾ ಹಳಿ ಹಾಕ್ಬೇಕಾಗ್ತದ" ಅಂದಳು.

ಆದ್ದರಿಂದ ಬೋಗಿಯನ್ನು ಅರ್ಧಕ್ಕೆ ಇಳಿಸಿದೆವು. ಮೂವತ್ತೆರಡು ಗುಬುಟು ಉದ್ದ, ಅಂದರೆ ಸುಮಾರು ಒಂದು ಗೇಣು. ಲಾಲಾಗುಡದ ಬಿಳಿ-ಕೆಂಪು ಡಬ್ಲ್ಯುಎಪಿ-7 ಇಂಜಿನ್ ಬೇಕೇ ಬೇಕು ಎಂಬುದು ಮಕ್ಕಳ ಹಟ. ಅದರ ಗಾಲಿಗಳನ್ನು ಹಿಡಿದಿರುವ ಒಂದೊಂದು ಟ್ರಕ್ಕಿಗೂ ಮೂರು ಜೋಡಿ ಗಾಲಿ. ಇಷ್ಟು ಕಡಿದಾದ ತಿರುವಿನಲ್ಲಿ ನಡುವಿನ ಗಾಲಿಯ ಅಂಚು ಹಳಿಗೆ ಒತ್ತಿ ಗಾಡಿ ಎತ್ತಿಹಾಕುತ್ತದೆ. ನಡುವಿನ ಜೋಡಿಗೆ ಅಂಚಿಲ್ಲದ ಗಾಲಿ ಹಾಕಿದರೆ ಸರಿಹೋಗುತ್ತದೆ. ಎಡತಿರುವು ಮುಗಿದ ಕೂಡಲೇ ಬಲತಿರುವು ಹಾಕಬಾರದು, ನಡುವೆ ಒಂದಾದರೂ ನೇರ ತುಂಡು ಇರಬೇಕು. ಬ್ಯಾಟರಿ ಪೆಟ್ಟಿಗೆ ಮೋಟಾರಿನ ಗಾಲಿಗಳ ಮೇಲೆಯೇ ಕೂರಬೇಕು, ಇಲ್ಲವಾದರೆ ಏರಿನಲ್ಲಿ ಗಾಲಿ ನಿಂತಲ್ಲೇ ತಿರುಗುತ್ತದೆ.

ಏರು ಎಂದರೆ ನಮಗೆ ವಿಕಾರಾಬಾದ್, ಮೂಸಿ ನದಿ ಹುಟ್ಟುವ ಅನಂತಗಿರಿ ಗುಡ್ಡದ ಸೀಮೆ. ಹಳಿಯ ಒಂದು ತುಂಡಿಗೆ ಒಂದು ತೆಳು ತಟ್ಟೆಯಂತೆ ಎತ್ತರಿಸುತ್ತ ಹೋದರೆ ನಲವತ್ತಕ್ಕೆ ಒಂದರ ಏರು ಸಿಗುತ್ತದೆ. ಇದು ಸಣ್ಣ ಏರೆಂದು ತಿಳಿಯಬೇಡಿ. ಐವತ್ತೇಳು ಸುರಂಗಗಳ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಐವತ್ತಕ್ಕೆ ಒಂದು, ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವಲ್ಲಿ ಮೂವತ್ತೇಳಕ್ಕೆ ಒಂದು. ಹಿಂದಿನಿಂದ ಇನ್ನೊಂದು ಇಂಜಿನ್ ಯಾಕೆ ತಳ್ಳಬೇಕು ಎಂಬುದು ಮಕ್ಕಳಿಗೆ ತಮ್ಮದೇ ಗೂಡ್ಸ್ ವಿಕಾರಾಬಾದಿನ ಕೆಳಗೆ ನಿಂತಾಗ ಅರ್ಥವಾಯಿತು.

ಇಷ್ಟೆಲ್ಲ ಕಟ್ಟುವುದು. ನನಗೆ ಮುಖ್ಯವಾದದ್ದು ಇದಾದ ಮೇಲೆ ಶುರುವಾಗುತ್ತದೆ.

ವಾಡಿ ಮಾರ್ಗ ಈಗ ಜೋಡಿ ಹಳಿ. ನಾವು ಕಟ್ಟುವುದು ಒಂಟಿ ಹಳಿ. ಒಂಟಿ ಹಳಿಯಲ್ಲಿ ಎದುರುಬದುರು ಗಾಡಿಗಳು ಡಿಕ್ಕಿಯಾಗದಂತೆ ನಡೆಸಲು ನಮ್ಮ ರೈಲ್ವೆಯಲ್ಲಿ ಎಷ್ಟೋ ದಶಕ ನಡೆದದ್ದು ನೀಲ್ಸ್ ಬಾಲ್ ಟೋಕನ್ ಯಂತ್ರ. ಪಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಎರಡು ಯಂತ್ರ, ನಡುವೆ ತಂತಿ. ಒಳಗೆ ಲೋಹದ ಗುಂಡುಗಳು. ಒಂದು ಗುಂಡು ಹೊರಗೆ ಬಂದಿದ್ದರೆ ಅದು ಯಾವುದಾದರೂ ಒಂದು ತುದಿಯ ಯಂತ್ರದೊಳಗೆ ಮರಳಿ ಸೇರುವ ತನಕ ಎರಡರಲ್ಲಿ ಯಾವುದರಿಂದಲೂ ಇನ್ನೊಂದು ಗುಂಡು ಹೊರಡದು. ಆ ಕಡೆಯ ಮಾಸ್ತರು ಒಪ್ಪಿ ತನ್ನ ಯಂತ್ರ ತಿರುಗಿಸಿದರಷ್ಟೇ ಈ ಕಡೆ ಗುಂಡು ಬೀಳುತ್ತದೆ. ಗುಂಡನ್ನು ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಕಟ್ಟಿ, ಡ್ರೈವರನ ಕೈಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿದ್ದವನಿಗೆ ಮಾತ್ರ ಮುಂದಿನ ಹಳಿ. ಪಕ್ಕದ ವಿಭಾಗದ ಗುಂಡು ಈ ಯಂತ್ರಕ್ಕೆ ಕೂರದ ಹಾಗೆ ಅದರ ಮೈಯ ಕೊರೆತವೇ ಬೇರೆ. ಇಷ್ಟು ಸರಳ, ಇಷ್ಟು ಗಟ್ಟಿ ಏರ್ಪಾಟನ್ನು ಮಾಡಿದವರಿಗೆ ನಾನು ಈಗಲೂ ಕೈಮುಗಿಯುತ್ತೇನೆ. ಡ್ರೈವರ್ ಎಷ್ಟೇ ಅವಸರದವನಾಗಿರಲಿ, ಮಾಸ್ತರು ಎಷ್ಟೇ ನಿದ್ದೆಗೆಟ್ಟಿರಲಿ, ಇಬ್ಬರ ಒಪ್ಪಿಗೆ ಇಲ್ಲದೆ ಗುಂಡು ಹೊರಬರುವುದಿಲ್ಲ.

ಮನೆಯಲ್ಲಿ ಇದಕ್ಕೆ ಬೇಕಾದದ್ದು ಎರಡು ಗೋಲಿ, ಎರಡು ಬಳೆ, ಮೂರು ಸ್ಟೀಲ್ ಲೋಟ. ವಾಡಿಗೆ ಮೊಮ್ಮಗಳು, ತಾಂಡೂರಿಗೆ ನನ್ನ ಹೆಂಡತಿ, ಸಿಕಂದರಾಬಾದಿಗೆ ಮಗ. ವಾಡಿ–ತಾಂಡೂರಿಗೆ ಕೆಂಪು ಗೋಲಿ, ತಾಂಡೂರು–ಸಿಕಂದರಾಬಾದಿಗೆ ನೀಲಿ. ಲೋಟಕ್ಕೆ ಚಮಚದಿಂದ ಬಾರಿಸಿದರೆ ಗಂಟೆ: ಒಂದು ಸಲ ಬಾರಿಸಿದರೆ "ಇದ್ದೀರಾ?", ಎರಡು ಸಲ "ಗಾಡಿ ಕಳಿಸಲಾ?", ಅದೇ ಮರಳಿ ಬಂದರೆ "ಕಳಿಸಿ". ಈ ಗಂಟೆಯ ಲೆಕ್ಕ ನಮ್ಮ ಮನೆಯದು. ರೈಲ್ವೆಯದು ಇದಕ್ಕಿಂತ ದೊಡ್ಡದು. ತಾಂಡೂರಿನಲ್ಲಿ ಗಾಡಿಗಳು ಒಂದನ್ನೊಂದು ದಾಟಲು ಲೂಪ್ ಹಳಿ ಇರುವುದರಿಂದ ಎಲ್ಲರಿಗಿಂತ ಹೆಚ್ಚು ಕೆಲಸ ನನ್ನ ಹೆಂಡತಿಗೆ. ಯಾವ ಗಾಡಿಯನ್ನು ಲೂಪಿಗೆ ತಿರುಗಿಸುವುದು, ಯಾವುದಕ್ಕೆ ಮೇನ್ ಲೈನು ಕೊಡುವುದು ಎಂಬುದು ಅವಳ ತೀರ್ಮಾನ. ಮಗ ಫೋನಿನಲ್ಲಿ ಮಾತಾಡುತ್ತಿದ್ದರೆ ನೀಲಿ ಗೋಲಿ ಬರುವುದಿಲ್ಲ, ಎಕ್ಸ್‌ಪ್ರೆಸ್ ತಾಂಡೂರಿನಲ್ಲೇ ನಿಲ್ಲುತ್ತದೆ. ಆಗ ಇಡೀ ಮನೆ ಅವನನ್ನು ಕರೆಯುತ್ತದೆ.

ಚಿಕ್ಕವನು ಡ್ರೈವರ್. "ಮುತ್ಯಾ, ಬಿಡ್ಲಾ?"

"ಗೋಲಿ ನಿನ್ನ ಕೈಯಾಗ ಅದೇನು?"

"ಇಲ್ಲ."

"ಹಂಗಾದ್ರ ಬಿಡಬ್ಯಾಡ."

ಅವನು ಕಾಯುತ್ತಾನೆ. ಐದು ವರ್ಷದ ಹುಡುಗ ಯಾರೂ ಗದರಿಸದೆ ಕಾಯುವುದನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಹಳೆಯ ಕೆಲವು ಇಟ್ಟಿಗೆ ರೈಲುಗಳಲ್ಲಿ ಕರೆಂಟು ಹಳಿಯಲ್ಲೇ ಹರಿಯುತ್ತಿತ್ತು, ಈಗಿನದು ಬರೀ ಪ್ಲಾಸ್ಟಿಕ್. ಇದರಿಂದ ಹಳಿಯನ್ನು ಹೇಗೆ ಬೇಕಾದರೂ ಮಡಿಸಿ ತರಬಹುದು, ಶಾರ್ಟ್ ಆಗುವ ಭಯವಿಲ್ಲ. ಆದರೆ ಗಾಡಿ ಎಲ್ಲಿದೆ ಎಂದು ಹಳಿ ತಾನಾಗಿ ಹೇಳಲಾರದು. ನಿಜವಾದ ಹಳಿ ಹೇಳುತ್ತದೆ. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಕಂಡುಹಿಡಿದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಗಳ ಮೂಲಕ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ಗಾಡಿಯ ಗಾಲಿ-ಅಚ್ಚು ಎರಡು ಹಳಿಗಳನ್ನು ಕೂಡಿಸಿದೊಡನೆ ಆ ಕರೆಂಟು ರಿಲೇಗೆ ತಲುಪದೆ ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ಕೆಂಪೇ. ಕೆಟ್ಟುಹೋದರೆ ಗಾಡಿ ನಿಲ್ಲುವ ಕಡೆಗೇ ಕೆಡಬೇಕು: ನಾನು ಕಲಿತ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ಗಾಡಿಗಳ ಡಿಕ್ಕಿ ತಪ್ಪಿಸುವ ಇಂದಿನ 'ಕವಚ' ಏರ್ಪಾಟೂ ಅದೇ ದಾರಿಯದು. ಅದರ ಮೊದಮೊದಲ ಪರೀಕ್ಷೆಗಳು ನಡೆದದ್ದು ನಮ್ಮ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಭಾಗದಲ್ಲೇ. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟ್ಟಿಗಿಡ್ಡ ನಡುವೆ ಒಂದೇ ಹಳಿಯ ಮೇಲೆ ಎರಡು ಇಂಜಿನ್ನುಗಳನ್ನು ಎದುರುಬದುರು ಬಿಟ್ಟಾಗ, 380 ಮೀಟರ್ ಅಂತರ ಇರುವಾಗಲೇ ಕವಚ ಇಂಜಿನ್ನನ್ನು ತಾನಾಗಿ ನಿಲ್ಲಿಸಿತು. ನಮ್ಮ ನೆಲದ ಮೇಲೆ ಆ ಎರಡು ಊರುಗಳು ಲಿಂಗಂಪಲ್ಲಿಗೂ ವಿಕಾರಾಬಾದಿಗೂ ನಡುವೆ, ಸೋಫಾದ ಕೆಳಗೆ ಬರುತ್ತವೆ.

ಆಟದ ರೈಲಿನಿಂದ ದೊಡ್ಡ ವಿದ್ಯೆ ಹುಟ್ಟಿದ್ದೂ ಉಂಟು. ಅಮೆರಿಕದ ಎಂಐಟಿಯಲ್ಲಿ 1946ರಿಂದ ಮಾದರಿ ರೈಲಿನ ಒಂದು ಸಂಘವಿದೆ; ಅಲ್ಲಿ ಸಿಗ್ನಲ್ ಮತ್ತು ವಿದ್ಯುತ್ ನೋಡಿಕೊಳ್ಳುತ್ತಿದ್ದ ಹುಡುಗರೇ ಮುಂದೆ ಆ ಸಂಸ್ಥೆಯ ಕಂಪ್ಯೂಟರುಗಳತ್ತ ಹೊರಳಿ ಪ್ರೋಗ್ರಾಂ ಬರೆಯುವ ಒಂದು ಪರಂಪರೆಗೆ ಮೊದಲಿಗರಾದರು. ಹತ್ತಿರದಲ್ಲಿ ನೋಡಬೇಕೆನ್ನುವವರು ಪುಣೆಯ ಕೋಥ್ರೂಡಿನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲು ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಮೈಸೂರಿನ ರೈಲು ಸಂಗ್ರಹಾಲಯವಂತೂ 1979ರಿಂದ ಇದೆ.

ವಿಜಯದಶಮಿಯಂದು ನಮ್ಮಲ್ಲಿ ಒಂದು ಗೂಡ್ಸ್ ಗಾಡಿ ಹೊರಡುತ್ತದೆ. ವಾಡಿಯಲ್ಲಿ ಬನ್ನಿ ಎಲೆ ತುಂಬಿ, ಕೆಂಪು ಗೋಲಿ ಪಡೆದು, ಮಳಖೇಡ ದಾಟಿ, ತಾಂಡೂರಿನಲ್ಲಿ ನೀಲಿಗೆ ಬದಲಿಸಿ, ವಿಕಾರಾಬಾದಿನ ಏರಿನಲ್ಲಿ ಚಿಕ್ಕವನ ಕೈಯಿಂದ ತಳ್ಳಿಸಿಕೊಂಡು ಸಿಕಂದರಾಬಾದ್ ಮುಟ್ಟುತ್ತದೆ. ಅಲ್ಲಿ ಪ್ಲಾಟ್‌ಫಾರಮ್ಮಿನಲ್ಲಿ ಸೊಸೆಯ ಚನ್ನಪಟ್ಟಣದ ಬೊಂಬೆಗಳು ಇಂಜಿನ್ನಿಗಿಂತ ಎತ್ತರಕ್ಕೆ ನಿಂತಿರುತ್ತವೆ. ಪಕ್ಕದ ತೆಲುಗು ಮನೆಯವರು ಜಮ್ಮಿ ಎಲೆ ಹಿಡಿದು ಬರುವ ಹೊತ್ತಿಗೆ ನಮ್ಮ ಎಲೆ ವ್ಯಾಗನ್ನಿನಿಂದ ಇಳಿದಿರಬೇಕು. ಟೈಂಟೇಬಲ್ ಬರೆಯುವವಳು ಮೊಮ್ಮಗಳು.

ಈ ಸಲ ಅವಳ ಬೇಡಿಕೆ ವಿಕಾರಾಬಾದಿನಿಂದ ಬೀದರಿಗೆ ಕವಲು ಹಳಿ. ಜಾಗವಿದೆ, ಹಳಿಯೂ ಸಾಕು. ಆದರೆ ಜಂಕ್ಷನ್ ಎಂದರೆ ಗಾಡಿಯನ್ನು ಬೇರೆ ಹಳಿಗೆ ತಿರುಗಿಸುವ ಕಾಂಟಾ ಒಂದು ಕಡೆಗಿದ್ದು ಸಿಗ್ನಲ್ ಇನ್ನೊಂದು ಕಡೆಗೆ ಬೀಳದಂತೆ ಎರಡನ್ನೂ ಒಂದಕ್ಕೊಂದು ಬಿಗಿಯಬೇಕು. ಯಾವ ಕಾಂಟಾ ಎಲ್ಲಿದ್ದರೆ ಯಾವ ಸಿಗ್ನಲ್ ಬೀಳಬಹುದು ಎಂಬ ಪಟ್ಟಿಯನ್ನು ಅವಳೇ ಬರೆದು ತೋರಿಸಲಿ ಎಂದಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ತುಂಬಿದೆ, ಮೂರನೆಯ ಸಾಲು ಇನ್ನೂ ಸರಿಬಂದಿಲ್ಲ. ಅದು ಸರಿಬಂದ ದಿನ ಬೀದರಿಗೆ ಹಳಿ ಬೀಳುತ್ತದೆ.